64 ಬ್ಲಾಕಿನ ಆಚೆಗೆ: ಕಂಪ್ಯೂಟರ್‌ಕ್ರಾಫ್ಟಿನಲ್ಲಿ ನಿಸ್ತಂತು ಸಂಪರ್ಕವನ್ನು ವಿಸ್ತರಿಸಿದ ನನ್ನ ಅನುಭವ

ಮೈನ್‌ಕ್ರಾಫ್ಟ್ ಆಟಕ್ಕೆ ಕಂಪ್ಯೂಟರುಗಳನ್ನೂ, ಲುವಾ ಭಾಷೆಯಲ್ಲಿ ಬರೆದ ಆದೇಶದಂತೆ ನಡೆಯುವ ಟರ್ಟಲ್ ಎಂಬ ರೋಬೋಟುಗಳನ್ನೂ ಸೇರಿಸುವ ಕಂಪ್ಯೂಟರ್‌ಕ್ರಾಫ್ಟ್ ಮಾಡ್ ಅನ್ನು ಡೇನಿಯಲ್ ರ್ಯಾಟ್‌ಕ್ಲಿಫ್ 2011ರಲ್ಲಿ ಹೊರತಂದರು. ನಾವೀಗ ಬಳಸುತ್ತಿರುವುದು ಅದರ ಮುಂದುವರಿಕೆಯಾದ ಸಿಸಿ: ಟ್ವೀಕ್ಡ್. ಉಡುಪಿಯ ನನ್ನ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ನಡೆಯುವ ಒಂದು ಸಣ್ಣ ಸರ್ವರಿನಲ್ಲಿ ನಾನು, ಸುರತ್ಕಲ್ಲಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಮತ್ತು ಮಣಿಪಾಲದ ಇಬ್ಬರು ಗೆಳೆಯರು ಆಡುತ್ತೇವೆ. ನಮ್ಮ ಲೋಕದಲ್ಲಿ ಮನೆಯಿಂದ ಗಣಿಯ ಬಾಯಿಗೆ ಸುಮಾರು 250 ಬ್ಲಾಕ್ (ಆಟದ ಲೋಕವನ್ನು ಕಟ್ಟಿರುವ ಘನಾಕಾರದ ತುಂಡು) ದೂರವಿದೆ. ಗಣಿಯೊಳಗೆ ಟರ್ಟಲ್ ಎಷ್ಟು ಅಗೆದಿದೆ, ಇಂಧನ ಎಷ್ಟು ಉಳಿದಿದೆ ಎಂಬುದು ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಕಾಣಬೇಕೆಂಬುದು ನಮ್ಮ ಉದ್ದೇಶವಾಗಿತ್ತು. "ಮಾವ, ಟರ್ಟಲ್ ಮಾತಾಡುದೇ ಇಲ್ಲ" ಎಂದು ಅಳಿಯ ಫೋನಿನಲ್ಲಿ ಹೇಳಿದಾಗ, ಕಂಪ್ಯೂಟರುಗಳ ನಡುವೆ ಸಂದೇಶ ಸಾಗಿಸುವ ಮೋಡೆಮ್ಮಿನ ವ್ಯಾಪ್ತಿಯ ಲೆಕ್ಕವನ್ನು ಬುಡದಿಂದ ಹಾಕಿ ನೋಡಲು ನಾನು ಕುಳಿತೆ.

ಎಂಟು ಕಲ್ಲಿನ ನಡುವೆ ಎಂಡರ್ ಪರ್ಲ್ ಎಂಬ ಒಂದು ಮಣಿ ಇಟ್ಟು ಮಾಡುವ ಸಾಮಾನ್ಯ ನಿಸ್ತಂತು ಮೋಡೆಮ್ಮಿನ ವ್ಯಾಪ್ತಿ 64 ಬ್ಲಾಕ್. ಸರ್ವರಿನ ಸೆಟ್ಟಿಂಗ್ ಕಡತದಲ್ಲಿ ಈ ಸಂಖ್ಯೆಯನ್ನು ತಿದ್ದಿಬಿಡಬಹುದು. ಒಂದೇ ಸಾಲಿನ ಕೆಲಸ. ಆದರೆ ಸಂಪರ್ಕ ಜಾಲವನ್ನು ಕಟ್ಟುವುದೇ ಈ ಮಾಡ್‌ನ ಸೊಗಸಾಗಿರುವಾಗ ಆ ಸಾಲನ್ನು ಮುಟ್ಟಬಾರದೆಂದು ನಾವು ನಾಲ್ವರೂ ಒಪ್ಪಿಕೊಂಡೆವು. ಎತ್ತರಕ್ಕೆ ಹೋದಂತೆ ಮೋಡೆಮ್ಮಿನ ವ್ಯಾಪ್ತಿ ತಾನಾಗಿಯೇ ಹಿಗ್ಗುವ ನಿಯಮವೂ ಅದರಲ್ಲಿ ಇದ್ದೇ ಇದೆ. ಕಾಪುವಿನ ದೀಪಸ್ತಂಭದ ಬೆಳಕು ದೂರದ ದೋಣಿಗೂ ಕಾಣುವುದು ಅದು ಬಂಡೆಯ ಮೇಲೆ ಎತ್ತರದಲ್ಲಿ ನಿಂತಿರುವುದರಿಂದ. ಆಟದಲ್ಲೂ ಎತ್ತರಕ್ಕೆ ಅಂಥದೇ ಬೆಲೆಯಿದೆ. ಒಂದು ವ್ಯತ್ಯಾಸವೆಂದರೆ, ಇಲ್ಲಿ ಗುಡ್ಡ, ಗೋಡೆ, ಬಂಡೆ ಯಾವುದೂ ಸಂಕೇತಕ್ಕೆ ಅಡ್ಡ ಬರುವುದಿಲ್ಲ. ಎರಡು ಮೋಡೆಮ್ಮುಗಳ ನಡುವಿನ ನೇರ ದೂರ ಮಾತ್ರ ಲೆಕ್ಕಕ್ಕೆ ಬರುತ್ತದೆ.

ನಿಯಮ ಹೀಗಿದೆ. ಎತ್ತರವನ್ನು ಅಳೆಯುವ ವೈ ಅಕ್ಷದಲ್ಲಿ 96ನೆಯ ಮಟ್ಟದವರೆಗೆ ವ್ಯಾಪ್ತಿ 64 ಆಗಿಯೇ ಇರುತ್ತದೆ. ಅಲ್ಲಿಂದ ಮೇಲಕ್ಕೆ ಒಂದೇ ಸಮನಾಗಿ ಏರುತ್ತಾ ಹೋಗಿ ಲೋಕದ ತುತ್ತತುದಿಯಲ್ಲಿ 384 ಬ್ಲಾಕ್ ತಲುಪುತ್ತದೆ. ಆಟದ 1.18ನೆಯ ಆವೃತ್ತಿಯಿಂದ ಈಚೆಗೆ ಲೋಕದ ಮೇಲಿನ ಮಟ್ಟ 319 ಆಗಿರುವುದರಿಂದ, 96ರ ನಂತರ ಏರುವ ಪ್ರತಿಯೊಂದು ಬ್ಲಾಕಿಗೂ ಸುಮಾರು 1.43 ಬ್ಲಾಕಿನಷ್ಟು ವ್ಯಾಪ್ತಿ ಸಿಗುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದಿದೆ: ಎರಡು ಮೋಡೆಮ್ಮುಗಳ ಪೈಕಿ ಯಾವುದರ ವ್ಯಾಪ್ತಿ ಹೆಚ್ಚೋ ಅದೇ ಎರಡೂ ದಿಕ್ಕಿಗೆ ಅನ್ವಯಿಸುತ್ತದೆ. ಎಂದರೆ ಎತ್ತರದಲ್ಲಿರುವ ಮೋಡೆಮ್ ತನ್ನ ಸಂದೇಶವನ್ನು ದೂರ ಕಳುಹಿಸುವುದಷ್ಟೇ ಅಲ್ಲ, ನೆಲದ ಮೇಲಿರುವ ಬಡ ಮೋಡೆಮ್ಮಿನ ಸಂದೇಶವನ್ನೂ ಅಷ್ಟೇ ದೂರದಿಂದ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಎರಡು ತುದಿಗಳಲ್ಲಿ ಒಂದನ್ನು ಮಾತ್ರ ಏರಿಸಿದರೆ ಸಾಕು.

ಎತ್ತರಿಸಿದಷ್ಟೂ ಲಾಭ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ನೇರ ದೂರದಲ್ಲಿ ಎತ್ತರದ ವ್ಯತ್ಯಾಸವೂ ಸೇರಿರುವುದರಿಂದ, ಗಳಿಸಿದ ವ್ಯಾಪ್ತಿಯ ಒಂದು ಪಾಲನ್ನು ಎತ್ತರವೇ ತಿಂದುಹಾಕುತ್ತದೆ. ನೆಲದ ಮಟ್ಟ 64 ಎಂದಿಟ್ಟುಕೊಂಡು ನಾನು ಪುಸ್ತಕದಲ್ಲಿ ಲಂಬಕೋನ ತ್ರಿಭುಜ ಬರೆದು ಲೆಕ್ಕ ಹಾಕಿದೆ. ಮೋಡೆಮ್ 96ರಲ್ಲಿದ್ದರೆ ನೆಲದ ಮೇಲೆ ಅದು ತಲುಪುವುದು 55 ಬ್ಲಾಕ್ ಮಾತ್ರ, ಅಂದರೆ ನೆಲದಲ್ಲೇ ಇಟ್ಟ ಮೋಡೆಮ್ಮಿಗಿಂತ ಕಡಿಮೆ. 150ಕ್ಕೆ ಏರಿಸಿದರೆ ಸುಮಾರು 112, 200ರಲ್ಲಿ 164, ತುತ್ತತುದಿಯ 319ರಲ್ಲಿ ಸುಮಾರು 287. ಮನೆಯ ಮೇಲಿನ ಸಣ್ಣ ಗುಡ್ಡದ ತುದಿಗೆ ಮೋಡೆಮ್ ಇಟ್ಟು ತೃಪ್ತರಾಗುವವರು ಈ ಮೊದಲ ಸಂಖ್ಯೆಯನ್ನು ಅವಶ್ಯ ಗಮನಿಸಬೇಕು. ನಮ್ಮ 250 ಬ್ಲಾಕಿನ ದೂರಕ್ಕೆ 280ರ ಮಟ್ಟವೂ ಸ್ವಲ್ಪದರಲ್ಲಿ ಸಾಲದೆ ಬರುತ್ತಿತ್ತು. 300ರಲ್ಲಿ ಸುಮಾರು 267 ಬ್ಲಾಕ್ ಸಿಗುವುದರಿಂದ ಅದನ್ನೇ ಆರಿಸಿಕೊಂಡೆ.

ಗೋಪುರ ಕಟ್ಟುವ ಶ್ರಮವನ್ನು ಟರ್ಟಲ್ ಉಳಿಸಿಕೊಟ್ಟಿತು. ಟರ್ಟಲ್‌ಗೆ ಗಾಳಿಯಲ್ಲಿ ನಿಲ್ಲಲು ಆಧಾರ ಬೇಕಿಲ್ಲ, ಅದೂ ಒಂದು ಕಂಪ್ಯೂಟರೇ, ಅದರ ಪಕ್ಕಕ್ಕೆ ಮೋಡೆಮ್ ಜೋಡಿಸಬಹುದು. ಮನೆಯಂಗಳದ 64ನೆಯ ಮಟ್ಟದಿಂದ 300ಕ್ಕೆ ಏರಲು 236 ಹೆಜ್ಜೆ ಬೇಕು. ಒಂದು ಇದ್ದಿಲು 80 ಹೆಜ್ಜೆಗೆ ಆಗುತ್ತದೆ. ಮೂರು ಇದ್ದಿಲು ತಿನ್ನಿಸಿ ಮೇಲಕ್ಕೆ ಕಳುಹಿಸಿದ ಟರ್ಟಲ್ಲೇ ನಮ್ಮ ಗೋಪುರವಾಯಿತು. ಕಂಬವಿಲ್ಲ, ಏಣಿಯಿಲ್ಲ. ಈ ವಿಧಾನವನ್ನು ನಾನು ಯಾರಿಗಾದರೂ ಮನಸಾರೆ ಶಿಫಾರಸು ಮಾಡುತ್ತೇನೆ.

ಅಲ್ಲಿ ನಿಂತ ಟರ್ಟಲ್ ಮಾಡಬೇಕಾದ ಕೆಲಸ ಒಂದೇ, ಕೇಳಿದ್ದನ್ನು ಮತ್ತೆ ಕೂಗುವುದು. ಅದಕ್ಕೆ ಬೇಕಾದ 'ರಿಪೀಟ್' ಎಂಬ ಪ್ರೋಗ್ರಾಂ ಮಾಡ್‌ನೊಳಗೇ ಸಿದ್ಧವಾಗಿದೆ. ರೆಡ್‌ನೆಟ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಕಳುಹಿಸಿದ ಪ್ರತಿ ಸಂದೇಶವೂ ಸೇರಬೇಕಾದವರ ಚಾನೆಲ್ಲಿಗೆ ಹೋಗುವುದರ ಜೊತೆಗೆ 65533ನೆಯ ಚಾನೆಲ್ಲಿಗೂ ಹೋಗುತ್ತದೆ. ರಿಪೀಟ್ ಪ್ರೋಗ್ರಾಂ ಆ ಚಾನೆಲ್ಲನ್ನು ಆಲಿಸುತ್ತಾ, ಬಂದದ್ದನ್ನು ಪುನಃ ಪ್ರಸಾರ ಮಾಡುತ್ತದೆ. ಸಂದೇಶಕ್ಕೆ ಒಂದು ಗುರುತಿನ ಸಂಖ್ಯೆ ಇರುವುದರಿಂದ, ಒಮ್ಮೆ ಕೂಗಿದ್ದನ್ನು ಸ್ವಲ್ಪ ಹೊತ್ತಿನವರೆಗೆ ನೆನಪಿಟ್ಟುಕೊಂಡು ಎರಡನೆಯ ಬಾರಿ ಕೂಗದೆ ಸುಮ್ಮನಿರುತ್ತದೆ. ಇಲ್ಲದಿದ್ದರೆ ಅಕ್ಕಪಕ್ಕದ ಎರಡು ರಿಪೀಟರುಗಳು ಒಂದೇ ಸಂದೇಶವನ್ನು ಕೊನೆಯಿಲ್ಲದೆ ಪರಸ್ಪರ ಕೂಗಿಕೊಳ್ಳುತ್ತಿದ್ದವು. ಪರದೆಯ ಮೇಲೆ ಎಷ್ಟು ಸಂದೇಶ ದಾಟಿಹೋಯಿತೆಂಬ ಎಣಿಕೆ ಕಾಣುತ್ತದೆ; ಗಣಿಯಲ್ಲಿ ಟರ್ಟಲ್ ಮಾತಾಡಿದಾಗಲೆಲ್ಲ ಆ ಅಂಕಿ ಒಂದೊಂದಾಗಿ ಏರುವುದನ್ನು ನೋಡುವುದೇ ಅತ್ಯಂತ ಸುಲಭವಾದ ಪರೀಕ್ಷೆ. ರೆಡ್‌ನೆಟ್ ಬಿಟ್ಟು ಮೋಡೆಮ್ಮಿನ ಮೂಲಕ ನೇರವಾಗಿ ಕಳುಹಿಸಿದ ಸಂದೇಶವನ್ನು ಈ ಪ್ರೋಗ್ರಾಂ ಮುಂದಕ್ಕೆ ದಾಟಿಸುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಗಣಿಯ ಆಳ ಬೇರೆಯೇ ಸಮಸ್ಯೆ. ವಜ್ರ ಹೆಚ್ಚು ಸಿಗುವ ಆಳದಲ್ಲಿ, ಅಂದರೆ ಸೊನ್ನೆಯಿಂದ 54 ಕೆಳಗೆ, ನಮ್ಮ ಟರ್ಟಲ್ ಅಗೆಯುತ್ತಿತ್ತು. 300ರಲ್ಲಿರುವ ಗೋಪುರದಿಂದ ಅಲ್ಲಿಗೆ ಎತ್ತರದ ವ್ಯತ್ಯಾಸವೇ 354. ಗೋಪುರದ ವ್ಯಾಪ್ತಿ ಸುಮಾರು 357. ನೇರ ಕೆಳಗೆ ಅಗೆದರೂ ಕಷ್ಟದಲ್ಲಿ ಮುಟ್ಟುವ ದೂರ ಅದು. ತುತ್ತತುದಿಯ 319ಕ್ಕೆ ಏರಿಸಿದರೂ ಆ ಆಳದಲ್ಲಿ ಸುತ್ತ ಸಿಗುವುದು ಸುಮಾರು 91 ಬ್ಲಾಕ್ ಮಾತ್ರ. ಆದ್ದರಿಂದ ಆಳಕ್ಕೆ ಗೋಪುರವನ್ನು ನಂಬದೆ, ಗಣಿಯ ಬಾಯಿಯಲ್ಲಿ ಒಂದು, ಬಾವಿಯ ಅರ್ಧದಲ್ಲಿ 5ನೆಯ ಮಟ್ಟದಲ್ಲಿ ಒಂದು, ತಳದಲ್ಲಿ ಒಂದು ಎಂದು ಮೂರು ಕಂಪ್ಯೂಟರುಗಳನ್ನು ರಿಪೀಟರುಗಳಾಗಿ ಇಟ್ಟೆ. ಒಂದರಿಂದ ಒಂದಕ್ಕೆ 59 ಬ್ಲಾಕ್ ಆದ್ದರಿಂದ 64ರ ಒಳಗೇ ಬಂತು. ತಳದಲ್ಲಿರುವುದು ಸುತ್ತಲೂ 64 ಬ್ಲಾಕಿನ ಸುರಂಗಗಳನ್ನು ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಜೋಡಿಸಿದ ಮೇಲೂ ಜಾಲ ನಿಲ್ಲುವುದೋ ಬೀಳುವುದೋ ಎಂಬುದನ್ನು ನಿರ್ಧರಿಸುವುದು ವ್ಯಾಪ್ತಿಯಲ್ಲ, ಚಂಕ್. ಆಟಗಾರರಿಂದ ದೂರವಿರುವ 16ಕ್ಕೆ 16 ಬ್ಲಾಕಿನ ಚಂಕ್ ಎಂಬ ತುಂಡುಗಳನ್ನು ಆಟ ನೆನಪಿನಿಂದ ಇಳಿಸಿಬಿಡುತ್ತದೆ. ಅಲ್ಲಿರುವ ಕಂಪ್ಯೂಟರು ಆಗ ಕೆಲಸ ಮಾಡುವುದಿಲ್ಲ. ಸರಪಳಿಯ ಒಂದು ಕೊಂಡಿ ಮಲಗಿದರೂ ಸಂದೇಶ ಅಲ್ಲೇ ನಿಲ್ಲುತ್ತದೆ. ಸರ್ವರಿನ ಆಪರೇಟರ್ ಅಧಿಕಾರವಿದ್ದವರು 'ಫೋರ್ಸ್‌ಲೋಡ್' ಆದೇಶ ಕೊಟ್ಟು ಆಯಾ ಚಂಕುಗಳನ್ನು ಸದಾ ಎಚ್ಚರವಾಗಿಡಬಹುದು. ಗೋಪುರದ ಚಂಕ್, ಗಣಿಯ ಬಾವಿಯ ಚಂಕ್ ಮತ್ತು ಟರ್ಟಲ್ ಅಗೆಯುವ ಪ್ರದೇಶಕ್ಕೆ ನಾನು ಇದನ್ನು ಮಾಡಿದೆ. ಬಾವಿಯ ಮೂರೂ ರಿಪೀಟರುಗಳನ್ನು ಒಂದರ ಕೆಳಗೊಂದು ಒಂದೇ ಚಂಕಿನಲ್ಲಿ ಇಟ್ಟದ್ದು ಇದೇ ಕಾರಣಕ್ಕೆ. ಹಳೆಯ ಲ್ಯಾಪ್‌ಟಾಪಿನ ಮೇಲಿನ ಹೊರೆ ಅಷ್ಟು ಕಡಿಮೆಯಾಯಿತು.

ಮಳೆಗಾಲದಲ್ಲಿ ನಮ್ಮ ಕಡೆ ಸಿಡಿಲು ಗಾಳಿಗೆ ಕರೆಂಟು ಹೋಗುವುದು ಸಾಮಾನ್ಯ. ಸರ್ವರ್ ಮತ್ತೆ ಎದ್ದಾಗ ಪ್ರತಿ ರಿಪೀಟರೂ ಯಾರ ಸಹಾಯವಿಲ್ಲದೆ ತನ್ನ ಕೆಲಸಕ್ಕೆ ತೊಡಗಬೇಕೆಂದು ಅವುಗಳ 'ಸ್ಟಾರ್ಟಪ್' ಕಡತದಲ್ಲಿ ರಿಪೀಟ್ ಪ್ರೋಗ್ರಾಂ ನಡೆಸುವ ಒಂದು ಸಾಲನ್ನು ಬರೆದೆ. ಚಾನೆಲ್ ತೆರೆದಿರುವ ಮೋಡೆಮ್ಮಿನ ಮೇಲೆ ಕೆಂಪು ಬೆಳಕು ಇರುತ್ತದೆ. ಬಾವಿಗೆ ಇಳಿಯುವಾಗ ಆ ಬೆಳಕು ಕಂಡರೆ ಕಂಪ್ಯೂಟರಿನ ಪರದೆ ತೆರೆದು ನೋಡುವ ಅಗತ್ಯವೇ ಇಲ್ಲ.

ಟರ್ಟಲ್ಲಿನ ಪ್ರೋಗ್ರಾಮಿಗೂ ಒಂದು ಎಚ್ಚರಿಕೆಯನ್ನು ಸೇರಿಸಿದೆ. ಅದು ವರದಿ ಕಳುಹಿಸಿದ ಮೇಲೆ ಐದು ಸೆಕೆಂಡು ಮನೆಯ ಉತ್ತರಕ್ಕಾಗಿ ಕಾಯುತ್ತದೆ. ಉತ್ತರ ಬಾರದಿದ್ದರೆ ಅಗೆಯುವುದನ್ನು ನಿಲ್ಲಿಸಿ, ಬಂದ ದಾರಿಯಲ್ಲೇ ತಳದ ರಿಪೀಟರಿನ ಕಡೆಗೆ ಹಿಂದಿರುಗಿ ಮತ್ತೆ ಕಳುಹಿಸುತ್ತದೆ. ಹೀಗಾಗಿ ವ್ಯಾಪ್ತಿಯ ಅಂಚು ದಾಟಿದ ಟರ್ಟಲ್ಲನ್ನು ಹುಡುಕಿಕೊಂಡು ಕತ್ತಲ ಸುರಂಗದಲ್ಲಿ ಅಲೆಯುವ ಪ್ರಸಂಗ ಬರುವುದಿಲ್ಲ.

ಟರ್ಟಲ್ ತಾನಿರುವ ಸ್ಥಾನವನ್ನು ತಿಳಿಯಲು ಬಳಸುವ ಜಿಪಿಎಸ್ ವಿಷಯದಲ್ಲಿ ರಿಪೀಟರು ಪ್ರಯೋಜನಕ್ಕೆ ಬರುವುದಿಲ್ಲ. ಸ್ಥಾನ ತಿಳಿಯುವುದು ತನ್ನ ಸ್ಥಾನವನ್ನು ತಿಳಿಸುವ ಪ್ರತಿ ಹೋಸ್ಟ್ ಕಂಪ್ಯೂಟರಿನಿಂದ ಸಂದೇಶ ಬಂದ ದೂರದ ಆಧಾರದ ಮೇಲೆ. ನಡುವೆ ಇನ್ನೊಬ್ಬರು ದಾಟಿಸಿದರೆ ಆ ದೂರಕ್ಕೆ ಅರ್ಥ ಉಳಿಯುವುದಿಲ್ಲ. ಗಣಿಯ ತಳದಲ್ಲಿ ಬಾವಿಯ ಸುತ್ತ ನಾಲ್ಕು ಹೋಸ್ಟುಗಳನ್ನು, ಮೂರನ್ನು ಒಂದೇ ಮಟ್ಟದಲ್ಲಿಯೂ ನಾಲ್ಕನೆಯದನ್ನು ಅವುಗಳಿಗಿಂತ ಮೇಲೆಯೂ ಇಟ್ಟು ಪ್ರತ್ಯೇಕ ವ್ಯವಸ್ಥೆ ಮಾಡಿದೆ. ನಾಲ್ಕೂ ಒಂದೇ ಸಮತಲದಲ್ಲಿದ್ದರೆ ಟರ್ಟಲ್ ಆ ಸಮತಲದ ಮೇಲಿದೆಯೋ ಕೆಳಗಿದೆಯೋ ಎಂಬುದು ತೀರ್ಮಾನವಾಗುವುದಿಲ್ಲ.

ಮುಂದೆ ನೆದರ್ ಎಂಬ ಇನ್ನೊಂದು ಲೋಕಕ್ಕೆ ಹೋಗಿ ಬ್ಲೇಜ್ ಪುಡಿ ತಂದು ಐ ಆಫ್ ಎಂಡರ್ ಮಾಡಿಕೊಂಡ ಮೇಲೆ, ಎಂಟು ಚಿನ್ನದ ಗಟ್ಟಿಗಳ ನಡುವೆ ಅದನ್ನಿಟ್ಟು ಒಂದು ಎಂಡರ್ ಮೋಡೆಮ್ ಮಾಡಿದೆವು. ಅದಕ್ಕೆ ದೂರದ ಮಿತಿಯಿಲ್ಲ, ಬೇರೆ ಲೋಕದ ಗಡಿಯೂ ಇಲ್ಲ. ಎರಡು ತುದಿಗಳಲ್ಲಿ ಒಂದು ಎಂಡರ್ ಆಗಿದ್ದರೆ ಇನ್ನೊಂದು ಸಾಮಾನ್ಯ ಮೋಡೆಮ್ ಆಗಿದ್ದರೂ ಮಾತುಕತೆ ನಡೆಯುತ್ತದೆ. ಆದ್ದರಿಂದ ಮನೆಯ ಕಂಪ್ಯೂಟರಿಗೆ ಮಾತ್ರ ಅದನ್ನು ಜೋಡಿಸಿದೆ, ಮನೆ ಮತ್ತು ಗಣಿಯ ನಡುವಿನ ಗೋಪುರದ ಕೆಲಸ ಅಲ್ಲಿಗೆ ಮುಗಿಯಿತು. ಬಾವಿಯ ರಿಪೀಟರುಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಈಗ ಅಳಿಯನ ಟರ್ಟಲ್ಲುಗಳೂ ನನ್ನವೂ ಯಾವ ಸುರಂಗ ಯಾರದೆಂದು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಸಾಮಾನ್ಯ ಮೋಡೆಮ್ಮಿನ ಎರಡು ಟರ್ಟಲ್ಲುಗಳು 64 ಬ್ಲಾಕಿಗಿಂತ ಹೆಚ್ಚು ದೂರದಲ್ಲಿದ್ದರೆ ಅವುಗಳಿಗೆ ನಡುವಿನ ರಿಪೀಟರು ಬೇಕೇ ಬೇಕು. ಮನೆಗೆ ಒಂದೇ ಸಂದೇಶ ನೇರವಾಗಿಯೂ ರಿಪೀಟರಿನ ಮೂಲಕವೂ ಎರಡು ಬಾರಿ ತಲುಪಿದರೂ, ಗುರುತಿನ ಸಂಖ್ಯೆ ಒಂದೇ ಆದ್ದರಿಂದ ರೆಡ್‌ನೆಟ್ ಎರಡನೆಯದನ್ನು ಕೈಬಿಡುತ್ತದೆ.