ಹಲ್ಲಿನ ಸೆಟ್ಟು ಕೆಟ್ಟರೆ ಮೊದಲು ಮೊನೊಮರ್ ಹುಡುಕಿ: ನನ್ನ ಅನುಭವ

ಹೀಟ್ ಕ್ಯೂರ್ ಅಕ್ರಿಲಿಕ್‌ನಲ್ಲಿ (ಕಾಯಿಸಿ ಗಟ್ಟಿಮಾಡುವ ಪ್ಲಾಸ್ಟಿಕ್ಕಿನಲ್ಲಿ) ಹಲ್ಲಿನ ಸೆಟ್ಟು ಮಾಡುವವರು ದೋಷಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಪುಡಿಗೆ ಬೆರೆಸುವ, ಗಟ್ಟಿಯಾಗಿ ಪ್ಲಾಸ್ಟಿಕ್ ಆಗುವ ದ್ರವ, ಅಂದರೆ ಮೊನೊಮರ್, ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡರೆ ಸಾಕು. ಜಾಸ್ತಿ ಬಿತ್ತೇ, ಮುಂಚೆಯೇ ಆವಿಯಾಯಿತೇ, ಒಳಗೇ ಕುದಿಯಿತೇ, ಕೊನೆಗೂ ಉಳಿದುಬಿಟ್ಟಿತೇ? ಮೈಸೂರಿನ ಲ್ಯಾಬ್‌ನಲ್ಲಿ ನಾನು ಪಾಲಿಸುವ ಕ್ರಮವನ್ನು ಈ ಪ್ರಶ್ನೆ ಹಿಡಿದೇ ಬರೆಯುತ್ತೇನೆ.

ಪುಡಿ ಎಂದರೆ ಆಗಲೇ ಪಾಲಿಮರ್ (ಅಣುಗಳ ಉದ್ದ ಸರಪಳಿ) ಆಗಿರುವ ಮೀಥೈಲ್ ಮೆಥಾಕ್ರಿಲೇಟಿನ ಸಣ್ಣ ಮಣಿಗಳು. ಜೊತೆಗೆ ಬಣ್ಣ ಮತ್ತು ಬೆಂಜಾಯ್ಲ್ ಪೆರಾಕ್ಸೈಡ್. ದ್ರವವೇ ಮೊನೊಮರ್, ಬಾಟಲಿಯಲ್ಲೇ ಗಟ್ಟಿಯಾಗದಿರಲು ಚೂರು ಹೈಡ್ರೋಕ್ವಿನೋನ್, ಸರಪಳಿಗಳು ಅಡ್ಡಡ್ಡ ಬೆಸೆಯಲು ಗ್ಲೈಕಾಲ್ ಡೈಮೆಥಾಕ್ರಿಲೇಟ್ ಅದರಲ್ಲಿರುತ್ತವೆ. ಬರೀ ಮೊನೊಮರ್ ಗಟ್ಟಿಯಾದರೆ ಗಾತ್ರದಲ್ಲಿ ಸುಮಾರು 21% ಕುಗ್ಗುತ್ತದೆ. ಮೂರು ಅಳತೆ ಪುಡಿಗೆ ಒಂದು ಅಳತೆ ದ್ರವ ಹಾಕಿದಾಗ ಅದು 7%ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಕಣ್ಣಂದಾಜಿನ ಮಿಶ್ರಣ ನನ್ನಲ್ಲಿಲ್ಲ. ಕಲಸಲು ಸುಲಭವೆಂದು ನಾಲ್ಕು ಹನಿ ಹೆಚ್ಚು ಹಾಕಿದರೆ ಅಷ್ಟೂ ಕುಗ್ಗುವಿಕೆಗೆ ಸೇರುತ್ತದೆ.

ಮೇಣದಲ್ಲಿ ಹಲ್ಲು ಕೂರಿಸಿದ ಮಾದರಿಯನ್ನು ಪ್ಲಾಸ್ಟರಿನಲ್ಲಿ ಹುದುಗಿಸಿದ ಲೋಹದ ಪೆಟ್ಟಿಗೆಯನ್ನು, ಅಂದರೆ ಫ್ಲಾಸ್ಕನ್ನು, ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆರೆಯುತ್ತೇನೆ. ಮೇಣ ಮೆತ್ತಗಾಗಿ ಇಡಿಯಾಗಿ ಎದ್ದುಬರಬೇಕು. ಕರಗಿ ನೀರಾದರೆ ಪ್ಲಾಸ್ಟರ್ ಹೀರಿಕೊಳ್ಳುತ್ತದೆ, ಆಮೇಲೆ ಅಕ್ರಿಲಿಕ್ ಪ್ಲಾಸ್ಟರಿಗೆ ಅಂಟದಂತೆ ಹಚ್ಚುವ ಕೋಲ್ಡ್ ಮೋಲ್ಡ್ ಸೀಲ್ ಹಿಡಿಯುವುದಿಲ್ಲ. ಸೋಪಿನ ಬಿಸಿನೀರು, ನಂತರ ಶುದ್ಧ ಬಿಸಿನೀರು ಸುರಿದು, ಅಚ್ಚು ಬೆಚ್ಚಗಿರುವಾಗಲೇ ಸೀಲ್ ಹಚ್ಚುತ್ತೇನೆ. ಇದು ಸೋಡಿಯಂ ಆಲ್ಜಿನೇಟ್. ಪ್ಲಾಸ್ಟರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಪೊರೆಯಾಗುತ್ತದೆ. ಹಲ್ಲುಗಳ ಬುಡಕ್ಕೆ ಮಾತ್ರ ತಾಗಕೂಡದು. ತಾಗಿದ ಹಲ್ಲು ಅಕ್ರಿಲಿಕ್‌ಗೆ ಬೆಸೆಯುವುದಿಲ್ಲ, ಕೋಡುಬಳೆ ಕಚ್ಚಿದ ದಿನ ಕಳಚಿ ಕೈಗೆ ಬರುತ್ತದೆ.

ಮುಚ್ಚಳವಿರುವ ಗಾಜಿನ ಭರಣಿಗೆ ಮೊದಲು ದ್ರವ ಹಾಕಿ, ಪುಡಿಯನ್ನು ನಿಧಾನವಾಗಿ ಉದುರಿಸಿ, ಕಲಸಿ ಮುಚ್ಚಿಬಿಡಬೇಕು. ಮುಚ್ಚದಿದ್ದರೆ ಮೇಲಿನ ಮೊನೊಮರ್ ಹಾರಿಹೋಗಿ ಆ ಭಾಗ ಬಿಳಿಚಿದ ಹರಳು ಹರಳಾಗಿ ಉಳಿಯುತ್ತದೆ. ಮೊದಲು ಒದ್ದೆ ಮರಳು, ಆಮೇಲೆ ಒಂದೆಳೆ ಪಾಕದಂತೆ ದಾರ ಎಳೆಯುವ ಅಂಟು, ಅದು ದಾಟಿದರೆ ಹಿಟ್ಟಿನ ಹದ. ಮುದ್ದೆ ತೊಳಸುವಾಗ ಹಿಟ್ಟು ಪಾತ್ರೆ ಬಿಟ್ಟು ಬರುತ್ತದಲ್ಲ, ಹಾಗೆಯೇ ಇದೂ ಭರಣಿಯ ಗೋಡೆ ಬಿಡುತ್ತದೆ. ಪ್ಯಾಕಿಂಗ್, ಅಂದರೆ ಅಚ್ಚಿಗೆ ತುಂಬುವುದು, ಆಗಲೇ. ಇನ್ನೂ ಕಾದರೆ ರಬ್ಬರಿನಂತೆ ಹಿಂದಕ್ಕೆ ಎಗರುತ್ತದೆ, ಒತ್ತಿದರೆ ಹಲ್ಲು ಜರುಗಿ ಬೈಟ್ (ಹಲ್ಲು ಕಚ್ಚಿದಾಗಿನ ಎತ್ತರ) ಹೆಚ್ಚಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಈ ಹದ ಬೇಗ ಬರುತ್ತದೆ, ಡಿಸೆಂಬರ್ ಬೆಳಿಗ್ಗೆ ಕಾಯಿಸುತ್ತದೆ. ಹಾಗಾಗಿ ಗಡಿಯಾರಕ್ಕಿಂತ ಹದವನ್ನೇ ನೋಡುತ್ತೇನೆ. ಹಿಟ್ಟನ್ನು ಪಾಲಿಥಿನ್ ಹಾಳೆಯಲ್ಲಿ ಹಿಡಿಯುತ್ತೇನೆ. ಮೊನೊಮರ್ ಲೇಟೆಕ್ಸ್ ಗ್ಲೌಸನ್ನೂ ದಾಟಿ ಚರ್ಮಕ್ಕೆ ಇಳಿಯುತ್ತದೆ. ಬೆರಳಿನ ತುರಿಕೆಯನ್ನು ಹಗುರವಾಗಿ ನೋಡಬೇಡಿ.

ನಡುವೆ ಪಾಲಿಥಿನ್ ಹಾಳೆಯಿಟ್ಟು ಪ್ರೆಸ್‌ನಲ್ಲಿ ನಿಧಾನವಾಗಿ ಒತ್ತಿ, ತೆರೆದು, ಅಂಚಿಗೆ ಬಂದದ್ದನ್ನು ಕತ್ತರಿಸುವುದು. ಅಂಚಿನಲ್ಲಿ ಏನೂ ಉಳಿಯದವರೆಗೆ ಎರಡು ಮೂರು ಸಲ ಹೀಗೆ. ಕೊನೆಯ ಸಲ ಹಾಳೆ ಬೇಡ. ಹಿಟ್ಟು ಕಡಿಮೆಯಾಗಿದ್ದರೆ ಸೆಟ್ಟಿನ ಉದ್ದಕ್ಕೂ ಆಕಾರವಿಲ್ಲದ ತೂತುಗಳು ಬೀಳುತ್ತವೆ. ಆಮೇಲೆ ಕ್ಲ್ಯಾಂಪ್ ಹಾಕಿ ಅರ್ಧ ಗಂಟೆಯಿಂದ ಒಂದು ಗಂಟೆ ಸುಮ್ಮನೆ ಬಿಡುತ್ತೇನೆ, ಮೊನೊಮರ್ ಎಲ್ಲೆಡೆ ಸಮನಾಗಿ ಇಳಿಯಲಿ ಎಂದು.

ಹೆಚ್ಚು ಸೆಟ್ಟುಗಳು ಹಾಳಾಗುವುದು ಕಾಯಿಸುವಾಗಲೇ. 60 ಡಿಗ್ರಿ ದಾಟಿದ ಮೇಲೆ ಪೆರಾಕ್ಸೈಡ್ ಒಡೆದು ಕ್ರಿಯೆ ಶುರುವಾಗುತ್ತದೆ, ಆ ಕ್ರಿಯೆಯೇ ಶಾಖ ಕೊಡುತ್ತದೆ. ಅಕ್ರಿಲಿಕ್ಕೂ ಪ್ಲಾಸ್ಟರೂ ಶಾಖವನ್ನು ಬೇಗ ದಾಟಿಸುವುದಿಲ್ಲ, ಹಾಗಾಗಿ ದಪ್ಪ ಭಾಗದ ಒಳಗಿನ ಬಿಸಿ ನೀರಿನ ಬಿಸಿಯನ್ನು ಮೀರುತ್ತದೆ. ಮೊನೊಮರ್ ಕುದಿಯುವುದು ಸಮುದ್ರಮಟ್ಟದಲ್ಲಿ 100.8 ಡಿಗ್ರಿಗೆ. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ, ಮೊನೊಮರಿನ ಕುದಿಬಿಂದುವೂ ಹಾಗೆಯೇ ಇಳಿದಿರುತ್ತದೆ. ಆದ್ದರಿಂದ ‘ಇಲ್ಲಿನ ಕುದಿನೀರು ತಣ್ಣಗಿದೆ, ನೇರ ಹಾಕಿದರೂ ನಡೆಯುತ್ತದೆ’ ಎಂಬ ಲೆಕ್ಕ ತಪ್ಪು. ನೇರ ಹಾಕಿದ ಕೆಳಸೆಟ್ಟಿನ ದಪ್ಪ ಭಾಗವನ್ನು ಕೊಯ್ದು ನೋಡಿ: ಮೇಲೆ ನುಣುಪು, ಒಳಗೆಲ್ಲ ಗುಂಡು ಗುಳ್ಳೆ.

ನನ್ನ ಇಷ್ಟದ ಕ್ರಮ 74 ಡಿಗ್ರಿಯಲ್ಲಿ ರಾತ್ರಿಯಿಡೀ, ಎಂಟರಿಂದ ಒಂಬತ್ತು ಗಂಟೆ. ಅವಸರವಿದ್ದರೆ 74ರಲ್ಲಿ ಎರಡು ಗಂಟೆ, ಆಮೇಲೆ ಕುದಿಯಲ್ಲಿ ಒಂದು ಗಂಟೆ. ಯಂತ್ರದ ಮುಳ್ಳನ್ನು ನಂಬದೆ ನೀರಿಗೆ ಬೇರೆ ಥರ್ಮಾಮೀಟರ್ ಇಳಿಸುತ್ತೇನೆ. ತೊಟ್ಟಿಯಲ್ಲೇ ಆರಿಸುವುದು ಉತ್ತಮ. ಆಗದಿದ್ದರೆ ಅರ್ಧ ಗಂಟೆ ಗಾಳಿಯಲ್ಲಿ, ಕಾಲು ಗಂಟೆ ತಣ್ಣೀರಿನಲ್ಲಿ. ಬಿಸಿ ಫ್ಲಾಸ್ಕನ್ನು ನಲ್ಲಿಯ ಕೆಳಗೆ ಹಿಡಿದರೆ ಅಕ್ರಿಲಿಕ್ಕೂ ಪ್ಲಾಸ್ಟರೂ ಬೇರೆಬೇರೆ ಅಳತೆಯಲ್ಲಿ ಕುಗ್ಗಿ ಸೆಟ್ಟು ಸೊಟ್ಟಗಾಗುತ್ತದೆ.

ಟ್ರಿಮ್ ಮಾಡಿ, ಉಜ್ಜುವ ಕಲ್ಲಿನ ಪುಡಿಯಾದ ಒದ್ದೆ ಪ್ಯೂಮಿಸ್‌ನಲ್ಲಿ ಪಾಲಿಶ್. ಒಣ ಬಫ್ ಒತ್ತಿ ಹಿಡಿದರೆ ಬಿಸಿಗೆ ಮತ್ತೆ ಬಾಗುತ್ತದೆ. ಸರಿಯಾಗಿ ಬೆಂದ ಸೆಟ್ಟಿನಲ್ಲೂ 0.2ರಿಂದ 0.5% ಮೊನೊಮರ್ ಉಳಿಯುತ್ತದೆ. ಕಾಯಿಸದೆಯೇ ಗಟ್ಟಿಯಾಗುವ ಸೆಲ್ಫ್ ಕ್ಯೂರ್‌ನಲ್ಲಿ 3ರಿಂದ 5%. ಅದಕ್ಕೇ ಕೊಡುವ ಮುನ್ನ ಒಂದೆರಡು ದಿನ ನೀರಿನಲ್ಲಿಡುತ್ತೇನೆ. ಮೊನೊಮರ್ ಹೊರಬರುತ್ತದೆ, ಅಕ್ರಿಲಿಕ್ ನೀರು ಕುಡಿದು ತುಸು ಹಿಗ್ಗಿ ಕುಗ್ಗಿದ್ದನ್ನು ಒಂದಿಷ್ಟು ತುಂಬಿಕೊಡುತ್ತದೆ. ಪೂರ್ತಿ ಕುಡಿಯಲು ಸುಮಾರು 17 ದಿನ ಬೇಕು. ಸೆಟ್ಟು ಹಾಕಿಕೊಳ್ಳುವ ಅಜ್ಜ ಅಜ್ಜಿಯರಿಗೆ ಎರಡೇ ಮಾತು ಹೇಳಿ ಕಳಿಸುತ್ತೇನೆ: ರಾತ್ರಿ ತೆಗೆದಾಗ ತಣ್ಣೀರಿನ ಬಟ್ಟಲಲ್ಲಿಡಿ, ಕುದಿನೀರಲ್ಲಿ ಮಾತ್ರ ತೊಳೆಯಬೇಡಿ.