ತುರ್ತು ಕಾಲಕ್ಕೆ ಮನೆಯಲ್ಲಿ ನೀರು, ಊಟ ಕೂಡಿಡುವುದು ಹೇಗೆ

ಮೊದಲು ನೀರು. ತುರ್ತು ಸಾಮಾನು ಅಂದ ತಕ್ಷಣ ಎಲ್ಲರೂ ಅಕ್ಕಿ, ಬಿಸ್ಕತ್ತು, ಬೆಂಕಿಪೊಟ್ಟಣ ಅಂತ ಚೀಟಿ ಬರೆಯಲು ಕೂರುತ್ತಾರೆ, ನೀರು ಕೊನೆಗೆ ನೆನಪಾಗುತ್ತದೆ. ಆರೋಗ್ಯವಾಗಿರುವ ದೊಡ್ಡವರು ಊಟವಿಲ್ಲದೆ ಒಂದೆರಡು ದಿನ ಹೇಗೋ ತಳ್ಳುತ್ತಾರೆ. ನೀರಿಲ್ಲದೆ ಆಗುವುದಿಲ್ಲ. ಪ್ರವಾಹ ಬರಲಿ, ಭೂಮಿ ನಡುಗಲಿ, ಬಿರುಗಾಳಿ ಬೀಸಲಿ, ಕರೆಂಟ್ ಹೋಗಿ ಪಂಪ್ ನಿಲ್ಲಬಹುದು, ಪೈಪ್ ಒಡೆಯಬಹುದು, ಇಲ್ಲವೇ ನಲ್ಲಿಯಲ್ಲಿ ನೀರು ಬಂದರೂ ಅದಕ್ಕೆ ಕೊಳಚೆ ಸೇರಿರಬಹುದು.

ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ಅದರಲ್ಲಿ ಅರ್ಧ ಕುಡಿಯಲು, ಉಳಿದದ್ದು ಅಡುಗೆಗೆ, ಕೈ ಬಾಯಿ ತೊಳೆಯಲು. ಕನಿಷ್ಠ 3 ದಿನಕ್ಕೆ ಆಗುವಷ್ಟು ಇರಲೇಬೇಕು. ಜಾಗ ಇದ್ದರೆ 2 ವಾರಕ್ಕೆ ಇಡಿ. ಅಂದರೆ ನಾಲ್ಕು ಜನರ ಮನೆಗೆ 3 ದಿನಕ್ಕೆ 48 ಲೀಟರ್ ಬೇಕು. ಸೆಕೆ ಜಾಸ್ತಿ ಇದ್ದರೆ, ಮನೆಯಲ್ಲಿ ಬಸುರಿ, ಬಾಣಂತಿ, ಕಾಯಿಲೆಯವರು ಇದ್ದರೆ ಇನ್ನಷ್ಟು ಸೇರಿಸಿ. ನಾಯಿ, ಬೆಕ್ಕು ಸಾಕಿದ್ದರೆ ಅವುಗಳ ಪಾಲನ್ನೂ ಮರೆಯಬೇಡಿ.

ಸೀಲ್ ಒಡೆಯದ ಬಾಟಲಿ ನೀರನ್ನೇ ತಂದಿಟ್ಟರೆ ತಲೆನೋವಿಲ್ಲ. ನೀವೇ ತುಂಬುವುದಾದರೆ ಪಾತ್ರೆಯ ಬಗ್ಗೆ ಎಚ್ಚರ ಇರಲಿ. ಆಹಾರಕ್ಕೆಂದೇ ಮಾಡಿದ, ಗಟ್ಟಿ ಮುಚ್ಚಳದ ಕ್ಯಾನ್ ಒಳ್ಳೆಯದು. ಸೋಡಾ, ಕೂಲ್ ಡ್ರಿಂಕ್ಸ್ ಬಂದ ಬಾಟಲಿಯೂ ನಡೆಯುತ್ತದೆ. ಹಾಲು, ಹಣ್ಣಿನ ರಸ ಇದ್ದ ಡಬ್ಬಿ ಬೇಡ, ಎಷ್ಟು ತೊಳೆದರೂ ಅದರ ಅಂಶ ಒಳಗೆ ಉಳಿದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪೆಟ್ರೋಲ್, ಕೀಟನಾಶಕ ಇದ್ದ ಕ್ಯಾನ್ ಅಂತೂ ಮುಟ್ಟಲೇಬೇಡಿ.

ಪಾತ್ರೆಯನ್ನು ಸೋಪು ಹಾಕಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 1 ಟೀ ಚಮಚ ಬ್ಲೀಚ್ ಬೆರೆಸಿ, ಅದನ್ನು ಪಾತ್ರೆಗೆ ಹಾಕಿ ಒಳಗಿನ ಎಲ್ಲ ಕಡೆ ತಾಗುವಂತೆ ಕುಲುಕಿ. 30 ಸೆಕೆಂಡ್ ಬಿಟ್ಟು ಚೆಲ್ಲಿ, ಒಳ್ಳೆಯ ನೀರಿನಲ್ಲಿ ತೊಳೆದುಬಿಡಿ. ಬ್ಲೀಚ್ ಅಂದರೆ ಮನೆಯಲ್ಲಿ ಬಳಸುವ, ಸುವಾಸನೆ ಸೇರಿಸದ ಸಾದಾ ದ್ರವ ಬ್ಲೀಚ್, ಬ್ಲೀಚಿಂಗ್ ಪುಡಿ ಅಲ್ಲ. ಅದನ್ನು ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಶುದ್ಧ ಮಾಡಿ ಬಿಡುವ ನಲ್ಲಿ ನೀರಾದರೆ ನೇರ ತುಂಬಿ, ಮುಚ್ಚಳ ಬಿಗಿದು, ತುಂಬಿದ ದಿನಾಂಕ ಬರೆದು ಅಂಟಿಸಿ. 6 ತಿಂಗಳಿಗೊಮ್ಮೆ ಬದಲಾಯಿಸಿ. ಹಳೆಯದು ಗಿಡಕ್ಕೋ ನೆಲ ಒರೆಸಲೋ ಆಗುತ್ತದೆ, ಸುಮ್ನೆ ಚೆಲ್ಲಬೇಕಾಗಿಲ್ಲ. ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಪೆಟ್ರೋಲ್, ಪೇಂಟ್ ಹತ್ತಿರ ಬೇಡ, ಅವುಗಳ ಆವಿ ಪ್ಲಾಸ್ಟಿಕ್ ಒಳಗೂ ಇಳಿಯುತ್ತದೆ. 20 ಲೀಟರ್ ಕ್ಯಾನ್ 20 ಕಿಲೋ ಭಾರ ಅಲ್ವಾ, ಅದನ್ನು ಎತ್ತರದ ಶೆಲ್ಫಿನಲ್ಲಿಟ್ಟರೆ ಭೂಕಂಪದಲ್ಲಿ ತಲೆ ಮೇಲೆ ಬೀಳುತ್ತದೆ. ಪ್ರವಾಹದ ಭಯ ಇರುವ ಮನೆಯಲ್ಲಿ ಮಾತ್ರ ನೀರು ಏರದ ಮಟ್ಟಕ್ಕೆ ಇಡಬೇಕು.

ಕೂಡಿಟ್ಟ ನೀರು ಮುಗಿದರೆ? ಸಿಕ್ಕ ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕುದಿಸಿ. ಗುಳ್ಳೆ ಎದ್ದು ಚೆನ್ನಾಗಿ ಕುದಿಯತೊಡಗಿದ ಮೇಲೆ 1 ನಿಮಿಷ ಸಾಕು, 2,000 ಮೀಟರ್‌ಗಿಂತ ಎತ್ತರದ ಊರಾದರೆ 3 ನಿಮಿಷ. ಕುದಿಸಲು ಆಗದಿದ್ದರೆ 5 ರಿಂದ 6 ಶೇಕಡಾ ಕ್ಲೋರಿನ್ ಇರುವ ಬ್ಲೀಚ್ ಲೀಟರಿಗೆ 2 ಹನಿ ಹಾಕಿ ಕದಡಿ, 30 ನಿಮಿಷ ಕಾಯಿರಿ. ನೀರು ಇನ್ನೂ ಮಬ್ಬಾಗಿದ್ದರೆ 4 ಹನಿ. ಕೊನೆಗೆ ಸಣ್ಣಗೆ ಕ್ಲೋರಿನ್ ವಾಸನೆ ಬರಬೇಕು. ಆದರೆ ಎಣ್ಣೆಯೋ ರಾಸಾಯನಿಕವೋ ಸೇರಿದ ನೀರಿಗೆ ಇದು ಯಾವುದೂ ನಡೆಯುವುದಿಲ್ಲ, ಅದನ್ನು ಕುಡಿಯಲೇಬಾರದು.

ಇನ್ನು ಊಟ. ಇದಕ್ಕೆ ವಿಶೇಷ ಪೊಟ್ಟಣಗಳನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ನಿಮ್ಮ ಮನೆಯವರು ದಿನಾ ತಿನ್ನುವುದನ್ನೇ ಪ್ರತಿ ಸಲ ಒಂದಿಷ್ಟು ಜಾಸ್ತಿ ತನ್ನಿ. ಹೊಸದನ್ನು ಹಿಂದೆ ಇಡಿ, ಹಳೆಯದನ್ನು ಮುಂದೆ ಎಳೆದು ಬಳಸಿ. ಹೀಗೆ ತಿರುಗುತ್ತಾ ಇದ್ದರೆ ಯಾವುದೂ ಹಾಳಾಗುವುದಿಲ್ಲ. ಬೇರೆಯೇ ಪೆಟ್ಟಿಗೆಯಲ್ಲಿ ಕಟ್ಟಿಟ್ಟು ಮರೆತ ಆಹಾರ ಬೇಕಾದ ದಿನ ಹುಳ ಹಿಡಿದಿರುತ್ತದೆ.

ಬೇಯಿಸದೆ ತಿನ್ನುವಂಥದ್ದು ಅರ್ಧಕ್ಕಿಂತ ಜಾಸ್ತಿ ಇರಲಿ, ಯಾಕೆಂದರೆ ಅಡುಗೆಗೆ ಇಂಧನವೂ ನೀರೂ ಎರಡೂ ಬೇಕು. ಬಿಸ್ಕತ್ತು, ಒಣಹಣ್ಣು, ಹುರಿದ ಕಾಳು, ಬೀಜಗಳು, ಹಾಲಿನ ಪುಡಿ, ಟಿನ್‌ನಲ್ಲಿ ಬರುವ ತರಕಾರಿ, ಬೆಂದ ಕಾಳು. ತೀರಾ ಉಪ್ಪಿನದ್ದು ಬೇಡ, ದಾಹ ಏರಿಸಿ ನೀರು ಖಾಲಿ ಮಾಡಿಸುತ್ತದೆ. ಟಿನ್ ಇಟ್ಟರೆ ಕೈಯಲ್ಲಿ ತಿರುಗಿಸುವ ಓಪನರ್ ಕೂಡ ಇಡಿ. ಅಕ್ಕಿ ಇಡುವುದಾದರೆ ಪಾಲಿಶ್ ಆದದ್ದೇ ಹೆಚ್ಚು ಬಾಳಿಕೆ ಬರುತ್ತದೆ, ತೌಡು ಉಳಿದ ಅಕ್ಕಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಕೆಲವು ತಿಂಗಳಲ್ಲೇ ಕಮಟು ವಾಸನೆ ಬರುತ್ತದೆ. ಪುಡಿ ಹಾಲು ಕುಡಿಯುವ ಮಗು ಇದ್ದರೆ ಅದರ ಡಬ್ಬಿ, ಅದನ್ನು ಕಲಸುವ ನೀರು ಬೇರೆ ಲೆಕ್ಕ. ಜೊತೆಗೆ ಓಆರ್‌ಎಸ್ ಪೊಟ್ಟಣ, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಪುಡಿ, ಕೆಲವು ಇರಲಿ. ಅದು ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಸಮತಟ್ಟಾಗಿ ಅಳೆದು ಕರಗಿಸಿ.

ಕರೆಂಟ್ ಹೋದಾಗ ಮೊದಲು ಫ್ರಿಡ್ಜ್‌ನಲ್ಲಿರುವುದನ್ನು ತಿನ್ನಿ, ಆಮೇಲೆ ಫ್ರೀಜರ್, ಕೊನೆಗೆ ಕೂಡಿಟ್ಟದ್ದು. ಬಾಗಿಲು ತೆಗೆಯದಿದ್ದರೆ ಫ್ರಿಡ್ಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಅದಕ್ಕೇ ಫ್ರೀಜರ್‌ನಲ್ಲಿ ಖಾಲಿ ಜಾಗ ಇದ್ದರೆ ಮುಕ್ಕಾಲು ತುಂಬಿದ ನೀರಿನ ಬಾಟಲಿ ಇಡಿ, ತಂಪೂ ಉಳಿಯುತ್ತದೆ, ಕರಗಿದ ಮೇಲೆ ಕುಡಿಯಲೂ ಆಗುತ್ತದೆ. ಅಡುಗೆಗೆ ಇದ್ದಿಲ ಒಲೆಯನ್ನು ಮಾತ್ರ ಮನೆಯೊಳಗೆ ಹಚ್ಚಲೇಬೇಡಿ, ದಯವಿಟ್ಟು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಪ್ರವಾಹದ ನೀರು ತಾಗಿದ ಆಹಾರವನ್ನು ಎಷ್ಟೇ ಹೊಟ್ಟೆ ಉರಿದರೂ ಎಸೆಯಿರಿ. ತಿರುಗಿಸುವ ಮುಚ್ಚಳದ ಬಾಟಲಿಯೂ ಅದರಲ್ಲೇ ಸೇರಿತು. ಉಬ್ಬಿದ, ಸೋರುವ, ಜೋರಾಗಿ ನೆಗ್ಗಿದ ಟಿನ್ ಕೂಡ ಬೇಡ. ಸರಿಯಾಗಿರುವ ಟಿನ್ ಆದರೆ ಮೇಲಿನ ಕಾಗದ ಕಿತ್ತು, ಸೋಪಿನಲ್ಲಿ ಉಜ್ಜಿ, 4 ಲೀಟರ್ ನೀರಿಗೆ 1 ಟೇಬಲ್ ಚಮಚ ಬ್ಲೀಚ್ ಹಾಕಿ ಅದರಲ್ಲಿ 15 ನಿಮಿಷ ಮುಳುಗಿಸಿಟ್ಟು ಒಣಗಿಸಿ. ಒಳಗೇನಿದೆ, ಎಕ್ಸ್‌ಪೈರಿ ಯಾವಾಗ ಅಂತ ಮಾರ್ಕರ್‌ನಲ್ಲಿ ಟಿನ್ ಮೇಲೆಯೇ ಬರೆದಿಡಿ.