ಅಣಬೆ ಗುರುತಿಸೋದು ಬುಡದಿಂದ

ತೀರ್ಥಹಳ್ಳಿ ಕಡೆ ಮುಂಗಾರು ಹಿಡಿದರೆ ನಮ್ಮ ತೋಟದಂಚಲ್ಲೆಲ್ಲ ಅಣಬೆ. ಹೊಸಬರು ತಿನ್ನುವ ಆಸೆ ಬಿಟ್ಟು ಸುಮ್ನೆ ನೋಡಿ. ಕೊಡೆ ಮಾತ್ರ ಮುರಿಯಬೇಡಿ, ಚಾಕುವಿನಿಂದ ಮಣ್ಣು ಬಿಡಿಸಿ ಬುಡಸಮೇತ ಎಬ್ಬಿಸಿ. ಹುತ್ತದ ಅಣಬೆಗೆ ಬೇರಿನಂಥ ಉದ್ದ ಬಾಲ ಗೆದ್ದಲುಗೂಡಿನವರೆಗೂ ಇಳಿದಿರುತ್ತದೆ. ಬುಡದಲ್ಲಿ ಚೀಲದಂಥ ಪೊರೆ ಕಂಡರೆ ಅಮಾನಿಟಾ ಗುಂಪಿನ ಅಣಬೆ ಇರಬಹುದು. ಆ ಗುಂಪಿನಲ್ಲಿ ಜೀವ ತೆಗೆಯುವವೂ ಇವೆ.

ಮನೆಯಲ್ಲಿ ಕೊಡೆ ಕತ್ತರಿಸಿ, ಅದರಡಿಯ ಪದರಗಳ ಬದಿ ಕೆಳಗಾಗಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿ. ಬೆಳಗ್ಗೆ ಬೀಜಕದ, ಅಂದರೆ ಅಣಬೆಯ ಬೀಜದಂಥ ಕಣಗಳ, ಪುಡಿ ಉದುರಿರುತ್ತದೆ. ಅದರ ಬಣ್ಣ ನೋಡಿ. ಹುತ್ತದ ಅಣಬೆಯದು ನಸುಗುಲಾಬಿ. ಹುಲ್ಲಲ್ಲಿ ಏಳುವ ದೊಡ್ಡ ಬಿಳಿ ಅಣಬೆ ಕ್ಲೋರೋಫಿಲಮ್‌ನದು ಮಾಸಲು ಹಸಿರು. ತಿಂದರೆ ವಾಂತಿ, ಭೇದಿ. ಅಣಬೆ ಜೊತೆ ಬೇಯಿಸಿದ ಬೆಳ್ಳಿ ಕಪ್ಪಾದರಷ್ಟೇ ವಿಷ ಅಂತಾರಲ್ವಾ? ನಂಬಲೇಬೇಡಿ. ಹುಳು ತಿಂದಿದೆ, ಹಾಗಾಗಿ ವಿಷವಲ್ಲ ಅನ್ನೋದೂ ಲೆಕ್ಕಕ್ಕಿಲ್ಲ.